ಡಿಗ್ರಿ ಮುಗಿದ ಮೇಲಿನ ಎರಡು ವರ್ಷ

ಪದವಿಯ ಬೆಲೆ ಎಷ್ಟು ಎಂದು ಕೇಳಿದರೆ ಕರ್ನಾಟಕ ಸರ್ಕಾರದ ಬಳಿ ಸಿದ್ಧ ಉತ್ತರವಿದೆ: ತಿಂಗಳಿಗೆ 3,000 ರೂಪಾಯಿ. ಡಿಪ್ಲೊಮಾ ಆದರೆ 1,500. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಹೆಚ್ಚೆಂದರೆ ಎರಡು ವರ್ಷ ಈ ಹಣ ಕೊಡುವ ಯುವನಿಧಿ ಯೋಜನೆಗೆ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು. ಸರ್ಕಾರದ ಐದು ಗ್ಯಾರಂಟಿ ಯೋಜನೆಗಳ ಪೈಕಿ ಅರಳಿಕಟ್ಟೆಯ ಮಾತಿಗೆ ಅತಿ ಕಡಿಮೆ ಸಿಕ್ಕಿದ್ದು ಇದೇ ಇರಬೇಕು. ಆದರೆ ಓದು ಮುಗಿಸಿದವರ ಬದುಕಿನಲ್ಲಿ ಒಂದು ಕಾಯುವ ಕಾಲ ಇರುತ್ತದೆ, ಅದು ಎರಡು ವರ್ಷವನ್ನೂ ನುಂಗಬಹುದು ಎಂದು ಸರ್ಕಾರ ಆದೇಶ ಹೊರಡಿಸಿ ಒಪ್ಪಿಕೊಂಡದ್ದು ಇದರಲ್ಲಿ ಮಾತ್ರ. ಡಿಗ್ರಿಗೆ ಬೆಲೆ ಇಲ್ಲದಂತಾಗಿದೆ ಎಂಬ ದೂರನ್ನು ನಾವು ಒಂದು ಸಭೆಯಲ್ಲಿ ಕೇಳುತ್ತೇವೆ, ಸೋಷಿಯಲ್ ಮೀಡಿಯಾ ಮಕ್ಕಳನ್ನು ಹಾಳು ಮಾಡಿತು ಎಂಬುದನ್ನು ಇನ್ನೊಂದು ಸಭೆಯಲ್ಲಿ. ಊರಲ್ಲಿ ನಿಂತು ನೋಡಿದರೆ ಎರಡೂ ಒಂದೇ ಹುಡುಗನ, ಒಂದೇ ಹುಡುಗಿಯ ಮೇಲಿನ ದೂರುಗಳು. ಅವು ಒಂದಕ್ಕೊಂದು ಕೂಡಿಕೊಳ್ಳುವುದು ಆ ಕಾಯುವ ಕಾಲದಲ್ಲಿ.

ಊರು ಎಂದರೆ ಹೊಳವನಹಳ್ಳಿ ಎಂದುಕೊಳ್ಳೋಣ. ಕೊರಟಗೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಇದೊಂದು. ಉಳಿದವು ಕಸಬಾ, ಕೋಳಾಲ, ಚನ್ನರಾಯನದುರ್ಗ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಮಳೆಯಾದ ವರ್ಷ. ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆ ಒಂದೇ. ಶಾಲಾ ಶಿಕ್ಷಣ ಇಲಾಖೆ ಮಾತ್ರ ಅದನ್ನು ಎರಡು ಮಾಡಿಕೊಂಡಿದೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಬೋರ್‌ವೆಲ್‌ನಲ್ಲಿ ನೀರಿದ್ದ ಕಡೆ ಅಡಿಕೆ, ಹೂವು; ಇಲ್ಲದ ಕಡೆ ಕಡಲೆಕಾಯಿ, ರಾಗಿ, ಹುಣಸೆ. ಮನೆಮಂದಿಯನ್ನೆಲ್ಲ ಹೊಲ ಸಾಕುವುದಿಲ್ಲ ಎಂಬುದು ಇಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಹಾಗಾಗಿಯೇ ಓದಿಸುತ್ತಾರೆ.

ಪದವಿ ಈ ಕಡೆಗೆ ನಿಧಾನವಾಗಿ ಹತ್ತಿರ ಬಂತು. ಮೈಸೂರು ಸಂಸ್ಥಾನದ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ ಕಟ್ಟಿಸುತ್ತಿದ್ದ ಕಾಲ ಮುಗಿದದ್ದು 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಆದಾಗ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂತು. ಅದನ್ನು ಒಡೆದು 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಮಾಡಿದರು. ಈಗ ತಾಲ್ಲೂಕು ಕೇಂದ್ರದಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಹಿಂದೆ ಮದುವೆ ಪತ್ರಿಕೆಯಲ್ಲಿ ಹುಡುಗನ ಹೆಸರಿನ ಮುಂದೆ ಬಿ.ಎ. ಎಂದು ಅಚ್ಚು ಹಾಕಿಸುತ್ತಿದ್ದರು, ಮನೆ ಮುಂದೆ ಬೋರ್ಡು ತೂಗುಹಾಕುತ್ತಿದ್ದರು. ಈಗ ಬಿ.ಎ. ಎಂದು ಯಾರೂ ಬರೆಸುವುದಿಲ್ಲ. ಬರೆಸಿದರೆ ಬೇರೇನೂ ಸಿಗಲಿಲ್ಲ ಎಂದು ಜನ ಓದಿಕೊಳ್ಳುತ್ತಾರೆ.

ಆ ಹಳೆಯ ಬಿ.ಎ. ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉಳಿದು ಓದಿದವರನ್ನು ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯಲ್ಲಾದರೂ ಕಾಣಬಹುದು. ಊಟ, ವಸತಿ, ಪಾಠ ಮೂರೂ ಉಚಿತ. ಜೊತೆಗೆ ಪಕ್ಕದ ಚಾಪೆಯಲ್ಲಿ ಬೇರೆ ತಾಲ್ಲೂಕಿನ, ಬೇರೆ ಜಾತಿಯ ಹುಡುಗ. ಸರ್ಕಾರಿ ಹಾಸ್ಟೆಲುಗಳಲ್ಲೂ ಹೀಗೆಯೇ. ಮೂರು ವರ್ಷ ಕಳೆಯುವ ಹೊತ್ತಿಗೆ ಮೇಷ್ಟರಿಗೆ ಹೆಸರು ಗೊತ್ತಿರುತ್ತಿತ್ತು, ಸೀನಿಯರ್ ಒಬ್ಬ ಸೆಕ್ರೆಟೇರಿಯಟ್‌ನಲ್ಲೋ ಬ್ಯಾಂಕಿನಲ್ಲೋ ಸೇರಿರುತ್ತಿದ್ದ, ಅರ್ಜಿ ಕರೆದಾಗ ಕಾರ್ಡು ಬರೆಯುತ್ತಿದ್ದ, ಪರೀಕ್ಷೆಗೆ ಹೋದವನಿಗೆ ತನ್ನ ರೂಮಿನಲ್ಲಿ ಜಾಗ ಕೊಡುತ್ತಿದ್ದ. ಕೆಲಸ ಕೊಡಿಸಿದ್ದು ಅಂಕಪಟ್ಟಿ ಎಂದು ಎಲ್ಲರೂ ನಂಬಿದರು. ಆದರೆ ಅಂಕಪಟ್ಟಿಯಷ್ಟೇ ಕೆಲಸ ಮಾಡಿದ್ದು ಆ ಪರಿಚಯಗಳು. ಪದವಿ ಎಂಬುದು ಒಂದು ನೆಟ್‌ವರ್ಕ್ ಆಗಿತ್ತು, ಹಾಗೆ ಕರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಒಂದು ಕಾಕತಾಳೀಯ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ 2004ರಲ್ಲೇ ಅಮೆರಿಕದ ಹಾರ್ವರ್ಡ್‌ನಲ್ಲಿ ಫೇಸ್‌ಬುಕ್ ಶುರುವಾಯಿತು. ಮೊದಲಿಗೆ ಅದರೊಳಗೆ ಹೋಗಲು ವಿಶ್ವವಿದ್ಯಾಲಯ ಕೊಟ್ಟ ಇ-ಮೇಲ್ ವಿಳಾಸ ಬೇಕಿತ್ತು. 2006ರ ಸೆಪ್ಟೆಂಬರಿನಲ್ಲಷ್ಟೇ ಬಾಗಿಲು ಎಲ್ಲರಿಗೂ ತೆರೆಯಿತು. ಎಂದರೆ ಇಂದಿನ ಅತಿ ದೊಡ್ಡ ಸಾಮಾಜಿಕ ಜಾಲ ಮೊದಲು ಕಾಲೇಜು ಕಾರಿಡಾರಿನ ಪರಿಚಯಗಳ ಪುಸ್ತಕವಾಗಿತ್ತು. (ಅದನ್ನು ಕಟ್ಟಿದಾತ ಡಿಗ್ರಿ ಮುಗಿಸದೆ ಕಾಲೇಜು ಬಿಟ್ಟ ಎಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ, ರೀಲ್ಸ್ ದಿನಾ ಹೇಳುತ್ತದೆ.) ನಮ್ಮಲ್ಲಿ ಕ್ರಮ ತಿರುಗುಮುರುಗು ಆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ ಹೋಬಳಿ ಮಟ್ಟದ ಮನೆಗಳಿಗೆ ಜಾಲ ಮೊದಲು ಬಂತು. ಕಾಲೇಜು ಕೊಡಬೇಕಿದ್ದ ಪರಿಚಯಗಳು ಆ ವೇಳೆಗೆ ಕಡಿಮೆಯಾಗುತ್ತಿದ್ದವು.

ಏಕೆ ಕಡಿಮೆಯಾದವು? ಕಾಲೇಜು ಹತ್ತಿರ ಬಂದದ್ದರಿಂದಲೇ ಒಂದಿಷ್ಟು. ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಮರಳುವ ಹುಡುಗನಿಗೆ ಊರಿನ ಗೆಳೆಯರೇ ಕಾಲೇಜಿನ ಗೆಳೆಯರು. ಆ ಬಸ್ಸೂ ಸುಲಭದ್ದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸನ್ನು ಉಚಿತ ಮಾಡಿತು ನಿಜ, ಆದರೆ ಪಾವಗಡ-ಮಧುಗಿರಿ ಕಡೆ ಎಷ್ಟೋ ಹಾದಿಗಳಲ್ಲಿ ಖಾಸಗಿ ಬಸ್ಸಿನದೇ ಆಳ್ವಿಕೆ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಕಿಕ್ಕಿರಿದು ಹೊರಟಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿತು; ಸತ್ತವರಲ್ಲಿ ಓದಲು ಹೊರಟಿದ್ದ ಮಕ್ಕಳಿದ್ದರು. ಪದವಿಯ ಬೆಲೆ ಲೆಕ್ಕ ಹಾಕುವವರು ಶುಲ್ಕವನ್ನು ಮಾತ್ರ ಕೂಡಿಸುತ್ತಾರೆ.

ಇನ್ನೊಂದು ಕಾರಣ ಮೇಷ್ಟರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಎಂ.ಎ., ಎಂ.ಎಸ್ಸಿ., ನೆಟ್, ಕೆಸೆಟ್, ಕೆಲವರು ಪಿಎಚ್.ಡಿ. ಸಹ. 2022ರ ಜನವರಿಯವರೆಗೆ ಇವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ. ತರಗತಿ ಬಿಟ್ಟು ಮುಷ್ಕರಕ್ಕೆ ಕೂತ ಮೇಲೆ ಅರ್ಹತೆ, ಅನುಭವ ಎರಡೂ ಇದ್ದವರಿಗೆ 32 ಸಾವಿರದವರೆಗೆ ಏರಿತು. ಈ ವರ್ಷ ಇದ್ದವರು ಬರುವ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆ ಇಲ್ಲ. ಡಿಗ್ರಿಗೆ ಏನು ಬೆಲೆ ಎಂಬ ಪಾಠವನ್ನು ವಿದ್ಯಾರ್ಥಿ ಕಲಿಯುವುದು ಪಾಠ ಮಾಡುವವರ ಬದುಕು ನೋಡಿ. ಹಳೆಯ ವಿದ್ಯಾರ್ಥಿಯನ್ನು ನೆನಪಿಟ್ಟುಕೊಂಡು ಕಾರ್ಡು ಬರೆಯಲು ಮೇಷ್ಟರಾದರೂ ಅಲ್ಲೇ ಇರಬೇಕಲ್ಲ.

ಅಂಕಿ-ಅಂಶಗಳು ಏನು ಹೇಳುತ್ತವೆ? ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕಾಲೇಜುಗಳ ದಟ್ಟಣೆಯಲ್ಲಿ ಕರ್ನಾಟಕವೇ ಮೊದಲು: 18ರಿಂದ 23ರ ವಯಸ್ಸಿನ ಪ್ರತಿ ಲಕ್ಷ ಮಂದಿಗೆ 66 ಕಾಲೇಜು, ದೇಶದ ಸರಾಸರಿ 30. ಕಾಲೇಜಿಗೆ ಸೇರುವವರ ಪ್ರಮಾಣವೂ ದೇಶದ 28.4ಕ್ಕೆ ಎದುರಾಗಿ ನಮ್ಮಲ್ಲಿ ಶೇ 36.2. ಕೆಲಸದ ಕಡೆ ಬಂದರೆ ಚಿತ್ರ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ತಯಾರಿಸಿದ 2024ರ ಭಾರತ ಉದ್ಯೋಗ ವರದಿಯಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರದು ಶೇ 3.4. ಈ ಎರಡು ಸಂಖ್ಯೆಗಳನ್ನು ಹಿಡಿದು, ಓದಿದ್ದೇ ತಪ್ಪಾಯಿತು ನೋಡಿ ಎನ್ನುವ ವಿಡಿಯೊಗಳಿಗೆ ಬರವಿಲ್ಲ. ಅದು ಅವಸರದ ಓದು. ಓದು ಬಾರದವನಿಗೆ ಕೆಲಸವಿಲ್ಲದೆ ಕೂರುವ ಅನುಕೂಲವೇ ಇಲ್ಲ, ಸಿಕ್ಕ ಕೂಲಿಗೆ ಹೋಗಲೇಬೇಕು. ಅದನ್ನು ಅದೃಷ್ಟ ಎನ್ನಲಾದೀತೇ?

ಇವೆಲ್ಲಕ್ಕಿಂತ ಉಪಯೋಗದ ಅಂಕಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯಲ್ಲಿದೆ. 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 42ಕ್ಕೂ ಹೆಚ್ಚು. 35 ದಾಟಿದ ಪದವೀಧರರಲ್ಲಿ ಅದು ಶೇ 5ಕ್ಕಿಂತ ಕಡಿಮೆ. ಎಂದರೆ ಪದವಿ ಕೊನೆಗೂ ಕೈಬಿಡುವುದಿಲ್ಲ, ಎಲ್ಲೋ ಒಂದು ಕಡೆ ದಡ ಸೇರಿಸುತ್ತದೆ. ಬಯಸಿದ ಕೆಲಸಕ್ಕೋ, ಸಿಕ್ಕಿದ ಕೆಲಸಕ್ಕೋ ಎಂಬುದನ್ನು ಅಂಕಿ ಹೇಳುವುದಿಲ್ಲ. ಆದರೆ ನಡುವೆ ಒಂದು ದೀರ್ಘ ಕಾಯುವಿಕೆ ಇದೆ ಎಂಬುದನ್ನು ಖಂಡಿತ ಹೇಳುತ್ತದೆ.

ಆ ಕಾಯುವಿಕೆಯನ್ನು ಉದ್ದ ಮಾಡುವುದರಲ್ಲಿ ಸರ್ಕಾರದ ಪಾಲೂ ಸಣ್ಣದಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರಲ್ಲಿ ಎರಡು ಸಲ ಬರೆಸಿದರು. ಮೊದಲ ಸಲ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಅಷ್ಟು ಕೆಟ್ಟಿತ್ತು. ಹಳ್ಳಿಯಿಂದ ಕನ್ನಡದಲ್ಲಿ ಓದಿ ಬಂದವನನ್ನೇ ಸೋಲಿಸುವ ಕನ್ನಡ ಅದು. ಬಳಿಕ 2024ರ ಅಕ್ಟೋಬರಿನಿಂದ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿಗಳನ್ನು ತಡೆಹಿಡಿದರು. ಕಾರಣ ನ್ಯಾಯವಾದದ್ದೇ, ಹಾಗೆಂದು ವಯಸ್ಸು ನಿಲ್ಲುವುದಿಲ್ಲ. 2024ರ 1000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಬೇಕಿದ್ದ ಅರ್ಹತೆ ಪಿಯುಸಿ. ಅದನ್ನು ಬರೆಯಲು ಪದವೀಧರರೂ ಸ್ನಾತಕೋತ್ತರರೂ ಸಾಲುಗಟ್ಟಿದರು.

ಖಾಸಗಿ ಕಡೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಕೊರಟಗೆರೆಗೆ ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಗೇಟಿನಲ್ಲಿ ಮೊದಲು ಕೇಳುವುದು ಐಟಿಐ, ಡಿಪ್ಲೊಮಾ. ಯುವನಿಧಿಯ ದರಪಟ್ಟಿಗೆ ಸರಿಯಾಗಿ ಉಲ್ಟಾ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಗುತ್ತಿಗೆ ಹಣ ಕೊಡುತ್ತದೆ. ಪದವಿಗೆ ತಕ್ಕ ಕೆಲಸವನ್ನು ಅಲ್ಲಿ ಹುಡುಕಬೇಕು. ಪ್ಯಾನೆಲ್ ತೊಳೆಯಲು, ಹುಲ್ಲು ಕೀಳಲು, ಕಾವಲು ಕಾಯಲು ಬಿ.ಕಾಂ. ಬೇಕಿಲ್ಲ. ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಘಟಕ ದೊಡ್ಡ ಸಂಖ್ಯೆಯಲ್ಲಿ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದೆ, ಐಫೋನ್ ಜೋಡಿಸಲು.

ಹೀಗೆ ಕಾಯುವವರ ಕೈಯಲ್ಲಿ ಏನಿರುತ್ತದೆ ಎಂದು ನೋಡಿ. ಸ್ವಂತ ಬ್ಯಾಂಕ್ ಖಾತೆ, ಸ್ಕಾಲರ್‌ಶಿಪ್‌ಗಾಗಿ ತೆಗೆದದ್ದು. ಆಧಾರ್, ಪ್ಯಾನ್, ಅಂಕಪಟ್ಟಿಗಳ ಸ್ಕ್ಯಾನ್, ಅರ್ಜಿ ಹಾಕಲು ಮಾಡಿಸಿದ್ದು. ಇ-ಮೇಲ್. ಟೈಪಿಂಗ್, ಅಷ್ಟಿಷ್ಟು ಇಂಗ್ಲಿಷ್. ಟೆಲಿಗ್ರಾಂನಲ್ಲಿ ಹತ್ತಾರು ನೇಮಕಾತಿ ಗ್ರೂಪುಗಳು. ದಿನವೆಲ್ಲ ಬಿಡುವು. ಜೊತೆಗೆ ಮನೆಯಲ್ಲಿ ದುಡ್ಡು ಕೇಳಲು ನಾಚಿಕೆ, ಓದಿಕೊಂಡವನು ಹೊಲಕ್ಕಿಳಿದನೆಂದು ಊರು ಆಡಿಕೊಳ್ಳುವ ಅಂಜಿಕೆ. ವಂಚಕರಿಗೆ ಇದಕ್ಕಿಂತ ಅನುಕೂಲದ ಜನ ಸಿಗುವುದು ಕಷ್ಟ. ಸೈಬರ್ ವಂಚನೆ ಎಂದರೆ ಪಿನ್ ನಂಬರ್ ಹೇಳಿಬಿಡುವ ಅಜ್ಜನ ಕಥೆ ಎಂದು ನಾವು ತಿಳಿದಿದ್ದೇವೆ. ಡಿಗ್ರಿ ಇದ್ದವರು ಬೀಳುವ ಗುಂಡಿಗಳು ಬೇರೆ, ಅವಕ್ಕೆ ಡಿಗ್ರಿಯೇ ಅರ್ಹತೆ.

ಮೊದಲನೆಯದು ಪಾರ್ಟ್‌ಟೈಮ್ ಕೆಲಸ. ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿದರೆ ನೂರೈವತ್ತು ರೂಪಾಯಿ ನಿಜಕ್ಕೂ ಬರುತ್ತದೆ. ಮೂರನೇ ದಿನ ದೊಡ್ಡ ಟಾಸ್ಕ್‌ಗೆ ಮುಂಗಡ ಕಟ್ಟಿ ಎನ್ನುತ್ತಾರೆ. ಎರಡನೆಯದು ಖಾತೆ ಬಾಡಿಗೆ. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಪರಿಚಯದವನೇ ಒಬ್ಬನಿಗೆ ಕೊಟ್ಟರೆ ಕೆಲವು ಸಾವಿರ. ಎಲ್ಲೋ ಯಾರಿಗೋ ಮೋಸವಾದ ಲಕ್ಷಗಳು ಆ ಖಾತೆಯ ಮೂಲಕ ಹರಿದುಹೋಗುತ್ತವೆ. ಬೇರೆ ರಾಜ್ಯದ ಪೊಲೀಸರ ನೋಟಿಸು ಬಂದ ದಿನ ಹುಡುಗನಿಗೆ ತಾನು ಆರೋಪಿ ಎಂದು ತಿಳಿಯುತ್ತದೆ. ಸರ್ಕಾರಿ ಕೆಲಸಕ್ಕೆಂದೇ ಕಾಯುತ್ತಿದ್ದವನ ಪೊಲೀಸ್ ವೆರಿಫಿಕೇಷನ್ ಅಲ್ಲಿಗೆ ಮುಗಿಯಿತು. ಮೂರನೆಯದು ಎಲ್ಲಕ್ಕಿಂತ ಕ್ರೂರ: ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕುವುದು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸಾಟ್ ಮೂಲಕ ಬಿಡಿಸಿ ತಂದರು. ಅಲ್ಲಿ ಬೇಕಾಗಿದ್ದದ್ದು ಕಂಪ್ಯೂಟರ್ ಬಲ್ಲ, ಇಂಗ್ಲಿಷ್ ಬಲ್ಲ ಯುವಕರು. ಇನ್ನು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಕಾಟಕ್ಕೆ 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಬಾಗಿಲು ಹಾಕಿತು. ರಾಜ್ಯ 2021ರಲ್ಲಿ ತಂದಿದ್ದ ನಿಷೇಧವನ್ನು ಮರುವರ್ಷವೇ ಹೈಕೋರ್ಟ್ ತಳ್ಳಿಹಾಕಿತ್ತು. ಬಾಗಿಲು ಹಾಕಿದರೂ ಕಿಟಕಿಗಳಿವೆ, ಪರದೇಶದ ಆ್ಯಪ್‌ಗಳು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಇಡೀ ಲೆಕ್ಕವನ್ನೇ ಬೇರೆ ಹಾಕಬೇಕು. ಹಳ್ಳಿಯ ಹುಡುಗಿಗೆ ಪದವಿ ಕೊಡುವ ದೊಡ್ಡ ಲಾಭ ಸಂಬಳವಲ್ಲ, ಸಮಯ. ಓದುತ್ತಿದ್ದಾಳೆ ಎಂಬ ಒಂದು ಮಾತಿಗೆ ಮದುವೆಯನ್ನು ಮೂರು ವರ್ಷ ಮುಂದೆ ತಳ್ಳುವ ಶಕ್ತಿ ಇದೆ, ಬಿ.ಎಡ್. ಸೇರಿದರೆ ಇನ್ನೂ ಎರಡು. ಆ ಸಮಯವನ್ನು ಒಂದು ಫೋಟೊ ಕಿತ್ತುಕೊಳ್ಳಬಲ್ಲದು. ಇನ್‌ಸ್ಟಾಗ್ರಾಂನಿಂದ ಎತ್ತಿ ತಿರುಚಿದ ಚಿತ್ರವೋ, ಹಳೆಯ ಗೆಳೆಯ ಉಳಿಸಿಕೊಂಡ ಸ್ಕ್ರೀನ್‌ಶಾಟೋ ಗ್ರೂಪಿಗೆ ಬಿತ್ತೆಂದರೆ ಅಪರಾಧಿ ಯಾರೆಂಬ ವಿಚಾರಣೆಗೆ ಮೊದಲೇ ಮನೆಯಲ್ಲಿ ತೀರ್ಪಾಗುತ್ತದೆ: ಓದಿದ್ದು ಸಾಕು. ಖಾಸಗಿ ಚಿತ್ರ ಹರಡಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲಿದೆ. ದೂರು ಕೊಡಬೇಕಾದವಳು ದೂರು ಕೊಟ್ಟರೆ ಮನೆಗೆ ತಿಳಿಯುತ್ತದೆಂದು ಹೆದರಿದ್ದಾಳೆ. 2024ರ ಏಪ್ರಿಲ್‌ನಲ್ಲಿ ಹಾಸನದ ಲೈಂಗಿಕ ದೌರ್ಜನ್ಯ ಪ್ರಕರಣದ ಪೆನ್‌ಡ್ರೈವ್‌ಗಳ ವಿಡಿಯೊಗಳು ಜಿಲ್ಲೆ ಜಿಲ್ಲೆ ದಾಟಿ ಹರಿದಾಡಿದಾಗ ಅವುಗಳಲ್ಲಿದ್ದ ಹೆಂಗಸರ ಮುಖವನ್ನು ಮರೆಮಾಡುವ ಸೌಜನ್ಯವೂ ಹಂಚಿದವರಿಗಿರಲಿಲ್ಲ. ಹಂಚಿದವರಲ್ಲಿ ಓದಿದವರಿರಲಿಲ್ಲವೇ? ಪದವಿ ಈ ಒಂದು ವಿಷಯದಲ್ಲಿ ಏನನ್ನೂ ಕಲಿಸಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ಮನೆಯವರು ಕಂಡುಕೊಂಡ ಪರಿಹಾರ ಸರಳ: ಹುಡುಗಿಗೆ ಫೋನು ಬೇಡ. 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗೆಗಿನ ಅಸರ್ 2023ರ ಸಮೀಕ್ಷೆಯಲ್ಲಿ ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಸ್ಮಾರ್ಟ್‌ಫೋನ್ ಇತ್ತು, ಹುಡುಗಿಯರಲ್ಲಿ ಶೇ 19.8 ಮಂದಿಗೆ. ಆದರೆ ಇವತ್ತು ರಾಜ್ಯದಲ್ಲಿ ಪದವಿಗೆ ಸೇರುವುದು, ಪರೀಕ್ಷಾ ಅರ್ಜಿ ತುಂಬುವುದು, ಫಲಿತಾಂಶ ನೋಡುವುದು ಎಲ್ಲ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲಿನಲ್ಲಿ. ಒಟಿಪಿ ಅಣ್ಣನ ಫೋನಿಗೆ ಬರುತ್ತದೆ. ಅವಳ ಓದಿನ ಕೀಲಿಕೈ ಅವನ ಜೇಬಿನಲ್ಲಿ. ಅದೇ ಸಮೀಕ್ಷೆಯಲ್ಲಿ ಸಾಮಾಜಿಕ ಜಾಲ ಬಳಸುವವರು ಶೇ 90.5, ಅವರಲ್ಲಿ ಸುರಕ್ಷತೆಯ ಸೆಟ್ಟಿಂಗ್‌ಗಳು ಗೊತ್ತಿದ್ದವರು ಅರ್ಧದಷ್ಟು ಮಾತ್ರ, ಅದರಲ್ಲೂ ಹುಡುಗಿಯರು ಹಿಂದೆ. ಕಲಿಯಲು ಕೈಗೆ ಕೊಟ್ಟಿದ್ದರಲ್ಲವೇ.

ವದಂತಿಯ ಅಪಾಯ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಘಟನೆ ಸಾಕು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸಂದೇಶ ಅತ್ತ ಬರುತ್ತಿದ್ದ ಒಂದು ಕಾರಿಗಿಂತ ಮುಂಚೆ ಓಡಿ ಊರು ತಲುಪಿತ್ತು. ಅದರಲ್ಲಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ವಾಟ್ಸ್ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿದ್ದು ಅದೇ ತಿಂಗಳು. ಕಂಪನಿ ತನ್ನ ಪಾಲಿನ ಸ್ಕ್ರೂ ಒಂದನ್ನು ಬಿಗಿಮಾಡಿತು. ಗ್ರೂಪಿನಲ್ಲಿದ್ದ ವಿದ್ಯಾವಂತರು ಬಿಗಿಮಾಡಬೇಕಿದ್ದ ಸ್ಕ್ರೂಗಳು ಹಾಗೇ ಇವೆ.

ಇನ್ನೊಂದು ಬಗೆಯ ಮೋಸ ಪದವಿಯ ಹೆಸರಿನಲ್ಲೇ ನಡೆಯುತ್ತದೆ. ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಗೋಕಾಕಿನ ಸಂಸ್ಥೆಯೊಂದು ವರ್ಷಗಳ ಕಾಲ ಇತ್ತು. ಆದರೆ ಅಸಲಿ ಸಂಸ್ಥೆಯೂ ಒಮ್ಮೆ ಕೈಕೊಟ್ಟಿತು: ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರಿಂದ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು, ಮತ್ತೆ ಮಾನ್ಯತೆ ದೊರೆತದ್ದು 2018ರಲ್ಲಿ. ಕೆಲಸ ಮಾಡುತ್ತಾ ದುಡ್ಡು ಕಟ್ಟಿ ಓದಿದವರು ನಡುವೆ ಅತಂತ್ರರಾದರು. ‘ಮನೆಯಲ್ಲೇ ಒಂದೇ ವರ್ಷದಲ್ಲಿ ಡಿಗ್ರಿ’ ಎಂಬ ಜಾಹೀರಾತು ಈಗ ಫೇಸ್‌ಬುಕ್ಕಿನಲ್ಲಿ ಬರುತ್ತದೆ. ಅದನ್ನು ನಂಬುವವರನ್ನು ಬೈಯುವ ಮುನ್ನ ಆ ಇತಿಹಾಸವನ್ನೂ ನೆನೆಯಬೇಕು.

ಸರಿ, ಮಾಡಿರುವುದೇನು? ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಕೆಳಗಿನವರಿಗೆ ಸಾಮಾಜಿಕ ಜಾಲವನ್ನೇ ಮುಚ್ಚಿದೆ. ನಮ್ಮ ದತ್ತಾಂಶ ರಕ್ಷಣೆ ಕಾಯ್ದೆ 18ರ ಕೆಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಇವೆಲ್ಲ ಮಕ್ಕಳಿಗೆ. ಇಪ್ಪತ್ತೆರಡರ ಪದವೀಧರನನ್ನು ಯಾವ ವಯಸ್ಸಿನ ಬೇಲಿಯೂ ಕಾಯುವುದಿಲ್ಲ. ಸೈಬರ್ ಅಪರಾಧಗಳಿಗೆ ಜಿಲ್ಲೆಗೊಂದು ಸಿಇಎನ್ ಠಾಣೆ ಇದೆ, 1930 ಸಹಾಯವಾಣಿ ಇದೆ. ಹಣ ಹೋದ ಕೂಡಲೇ, ಮೊದಲ ಒಂದೆರಡು ಗಂಟೆಯೊಳಗೆ, ಕರೆ ಮಾಡಿದರೆ ಅದನ್ನು ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಕೊರಟಗೆರೆಯ ಶಾಸಕರಾದ ಜಿ. ಪರಮೇಶ್ವರ ಅವರೇ 2023ರಲ್ಲಿ ರಾಜ್ಯದ ಗೃಹ ಸಚಿವರಾದರು. ಕುಟುಂಬದ್ದೇ ಶಿಕ್ಷಣ ಸಂಸ್ಥೆಗಳಿರುವ ಅವರಿಗೆ ಈ ಪ್ರಶ್ನೆಯ ಎರಡೂ ತುದಿಗಳು ಪರಿಚಿತ. 2021ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ಪದವಿಯ ಮೊದಲ ವರ್ಷಕ್ಕೆ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆ ಬಂದಿತ್ತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಸೈಬರ್ ಸುರಕ್ಷತೆ ಎಲ್ಲ ಅದರಲ್ಲಿತ್ತು, ವ್ಯಾಖ್ಯೆಗಳಾಗಿ. 2024ರಲ್ಲಿ ರಾಜ್ಯ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಪಠ್ಯ ಬದಲಾಗುತ್ತಲೇ ಇರುತ್ತದೆ. ನನ್ನ ಅನುಮಾನವಿರುವುದು ಮೊದಲ ಸೆಮಿಸ್ಟರಿನ ಪಾಠ ಕೊನೆಯ ಸೆಮಿಸ್ಟರು ಮುಗಿದ ಮೇಲಿನ ಕಾಲಕ್ಕೆ ಉಳಿದೀತೇ ಎಂಬುದರಲ್ಲಿ.

ಪದವಿ ಕೊಟ್ಟ ದಿನವೇ ಕಾಲೇಜು ವಿದ್ಯಾರ್ಥಿಯ ಕೈಬಿಡುತ್ತದೆ. ಗ್ರಂಥಾಲಯದ ಕಾರ್ಡು, ಬಸ್ ಪಾಸು, ಹಾಸ್ಟೆಲು ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಆಮೇಲೆ ಸರ್ಕಾರ ಅವನನ್ನು ಮಾತನಾಡಿಸುವುದು ಯುವನಿಧಿಯ ಸ್ವಯಂಘೋಷಣೆಗಾಗಿ: ಇನ್ನೂ ಕೆಲಸ ಸಿಕ್ಕಿಲ್ಲ ತಾನೇ ಎಂದು ಪೋರ್ಟಲಿನಲ್ಲಿ ಕೇಳಲು. ಆ ಪ್ರಶ್ನೆಯನ್ನು ಪೋರ್ಟಲಿನ ಬದಲು ಅವನು ಓದಿದ ಕಾಲೇಜೇ ಕೇಳುವಂತಾದರೆ ಹೇಗೆ? ಎರಡು ವರ್ಷ ಗ್ರಂಥಾಲಯದ ಕಾರ್ಡು ಮುಂದುವರಿಸಿ, ತಿಂಗಳಿಗೊಮ್ಮೆ ಕರೆಸಿ, ಬಂದ ಆಫರುಗಳನ್ನು ಹಳೆಯ ಮೇಷ್ಟರ ಮುಂದೆ ಇಟ್ಟು ಅಸಲಿಯೋ ನಕಲಿಯೋ ನೋಡಿಸಿ, ಮೊದಲೇ ಕೆಲಸಕ್ಕೆ ಸೇರಿದ ಸೀನಿಯರ್ ಒಬ್ಬನನ್ನು ಎದುರು ಕೂರಿಸಬಹುದು. ದುಡ್ಡು ಹೆಚ್ಚು ಬೇಡ, ಯೋಜನೆಗೆ ಹೊಸ ಹೆಸರೂ ಬೇಡ. ತೊಡಕು ಒಂದೇ: ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ವರ್ಷವರ್ಷವೂ ಹೊರಡುತ್ತದೆ, ಕರೆಸಿದ ಹುಡುಗ ಬಂದಾಗ ಅವನ ಹೆಸರು ಬಲ್ಲ ಮೇಷ್ಟರು ಆ ಪಟ್ಟಿಯಲ್ಲಿ ಇದ್ದರೆ ಉಂಟು.